ತಾಯಿಬೇರಿಲ್ಲದ ಗಿಡ

ಹೊರನಾಡಿನಲ್ಲಿ ಯಾವ ರಾಜ್ಯೋತ್ಸವಕ್ಕೆ ಹೋದರೂ ಬೇರಿನ ಮಾತು ತಪ್ಪಿದ್ದಲ್ಲ. ಪುಣೆಯಲ್ಲಿ ಒಂಬತ್ತು ವರ್ಷ ಕೇಳಿದೆ, ಈಗ ಗುರುಗ್ರಾಮದಲ್ಲಿ ಕೇಳುತ್ತಿದ್ದೇನೆ. ಎಲ್ಲೇ ಇರಿ, ಬೇರು ಮರೆಯಬೇಡಿ ಎಂದು ಮುಖ್ಯ ಅತಿಥಿಗಳು ಹೇಳುತ್ತಾರೆ. ನಾವು ಚಪ್ಪಾಳೆ ತಟ್ಟಿ ಬಿಸಿಬೇಳೆಬಾತಿನ ಸಾಲಿಗೆ ಹೋಗಿ ನಿಲ್ಲುತ್ತೇವೆ. ಆ ಒಂದು ಮಾತಿನೊಳಗೆ ಎರಡು ಮಾತು ಕೂತಿವೆ. ಬೇರು ಎಂದರೆ ನಾವು ಹೊರಟು ಬಂದ ಜಾಗ ಎನ್ನುವುದು ಒಂದು. ಆದ್ದರಿಂದ ಆ ಜಾಗಕ್ಕೆ ನಾವು ಏನನ್ನೋ ಕೊಡಬೇಕಾಗಿದೆ ಎನ್ನುವುದು ಇನ್ನೊಂದು. ಮೊದಲನೆಯದು ಗಿಡಮರಗಳ ಮಾತು, ಎರಡನೆಯದು ಋಣದ ಮಾತು. ಋಣ ಇಲ್ಲ ಎಂದು ನಾನು ವಾದಿಸಲಾರೆ. ಆದರೆ ಗಿಡಮರಗಳ ಮಾತೇ ಅಲುಗಾಡಿದರೆ ಋಣದ ಮಾತು ಯಾವುದರ ಮೇಲೆ ನಿಲ್ಲಬೇಕು? ನನಗೆ ಈ ಪ್ರಶ್ನೆ ಹುಟ್ಟಿದ್ದು ಸೇಬಿನ ಕಡ್ಡಿಗಳಿಂದ. ಅರಸೀಕೆರೆ ಕಡೆಯ ತೆಂಗಿನ ತೋಟದಲ್ಲಿ ಬೆಳೆದವನಿಗೆ ಸೇಬಿನ ಕಡ್ಡಿ ಎಲ್ಲಿ ಸಿಕ್ಕಿತು ಎನ್ನುವುದನ್ನು ಮುಂದೆ ಹೇಳುತ್ತೇನೆ. ಮೊದಲು ಸೇಬಿನ ಸ್ವಭಾವ.

ಸೇಬಿನ ಬೀಜವನ್ನು ನಂಬುವಂತಿಲ್ಲ. ರಾಯಲ್ ಡೆಲಿಷಿಯಸ್ ಹಣ್ಣು ತಿಂದು ಅದರ ಬೀಜ ಹಾಕಿದರೆ ಮೇಲೇಳುವುದು ರಾಯಲ್ ಡೆಲಿಷಿಯಸ್ ಅಲ್ಲ. ಸೇಬಿನ ಹೂವು ಸಾಮಾನ್ಯವಾಗಿ ತನ್ನದೇ ಪರಾಗವನ್ನು ಒಪ್ಪುವುದಿಲ್ಲ, ಬೇರೆ ತಳಿಯ ಪರಾಗ ಬೇಕು. ಹಾಗಾಗಿ ಒಂದು ಹಣ್ಣಿನೊಳಗಿನ ಐದು ಬೀಜ ಐದು ಬೇರೆ ಬೇರೆ ಮರಗಳು, ಅವುಗಳಲ್ಲಿ ಹೆಚ್ಚಿನವು ತಿನ್ನಲು ಬಾರದ ಹುಳಿ ಕಾಯಿ ಬಿಡುವಂಥವು. ಒಂದು ತಳಿ ಉಳಿಯಬೇಕಾದರೆ ಕಸಿಯೇ ದಾರಿ. ನಾವು ತೋಟದಲ್ಲಿ ನೋಡುವ ಪ್ರತಿ ಸೇಬಿನ ಮರವೂ ಹೀಗೆ ಎರಡು ಜೀವಗಳ ಜೋಡಣೆ. ಮೇಲೆ ಹಣ್ಣು ಕೊಡುವ ಕುಡಿ, ಕೆಳಗೆ ನೆಲ ಹಿಡಿಯುವ ಬೇರುಸಸಿ. ಮಾರುಕಟ್ಟೆಯಲ್ಲಿ ಹೆಸರಿರುವುದು ಮೇಲಿನದಕ್ಕೆ ಮಾತ್ರ.

ಹಿಮಾಚಲದ ಹಳೆಯ ತೋಟಗಳಲ್ಲಿ ಕೆಳಗಿನದು ಬೀಜದಿಂದ ಎದ್ದ ಸಸಿ. ಮೇಲೆ ಎಲ್ಲ ಒಂದೇ ತಳಿ, ಕೆಳಗೆ ಒಂದೊಂದೂ ಒಂದೊಂದು ಬಗೆ. ಮರ ಇಪ್ಪತ್ತೈದು ಅಡಿ ಏರಬಹುದು, ಫಸಲಿಗೆ ಏಳೆಂಟು ವರ್ಷ ಕಾಯಬೇಕು. ಹಾಗಲ್ಲದೆ ಇಡೀ ತೋಟ ಒಂದೇ ಎತ್ತರಕ್ಕೆ ನಿಲ್ಲಬೇಕು, ಎರಡು ಮೂರನೇ ವರ್ಷಕ್ಕೇ ಕಾಯಿ ಹಿಡಿಯಬೇಕು ಎಂದರೆ ಬೇರುಸಸಿಯೂ ಒಂದೇ ತಳಿಯದಾಗಿರಬೇಕು. ಅಂದರೆ ಬೇರನ್ನೇ ನಕಲು ಮಾಡಬೇಕು.

ಈ ಕೆಲಸವನ್ನು ಶಿಸ್ತಿಗೆ ತಂದದ್ದು ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ 1913ರಲ್ಲಿ ಶುರುವಾದ ಈಸ್ಟ್ ಮಾಲಿಂಗ್ ಸಂಶೋಧನಾ ಕೇಂದ್ರ. ಅಲ್ಲಿನ ರೊನಾಲ್ಡ್ ಹ್ಯಾಟನ್, ಯುರೋಪಿನ ನರ್ಸರಿಗಳಲ್ಲಿ 'ಪ್ಯಾರಡೈಸ್' ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಗಿಡ್ಡ ಬೇರುಸಸಿಗಳನ್ನೆಲ್ಲ ತರಿಸಿ ಸಾಲಾಗಿ ನೆಟ್ಟು ನೋಡಿದ. ಒಂದೇ ಹೆಸರಿನಲ್ಲಿ ಬೇರೆ ಬೇರೆ ಗಿಡಗಳಿದ್ದವು, ಬೇರೆ ಬೇರೆ ಹೆಸರಿನಲ್ಲಿ ಒಂದೇ ಗಿಡವಿತ್ತು. ಹಳೆಯ ಪ್ರಾಜೆಕ್ಟ್ ಒಂದನ್ನು ಕೈಗೆತ್ತಿಕೊಂಡವರಿಗೆ ಈ ಸಂಕಟ ಗೊತ್ತು. ಹ್ಯಾಟನ್ ಹೆಸರುಗಳನ್ನೆಲ್ಲ ಬದಿಗಿಟ್ಟು ಅಂಕಿ ಕೊಟ್ಟ. ಆ ಅಂಕಿಗೂ ಮರದ ಎತ್ತರಕ್ಕೂ ಸಂಬಂಧವಿಲ್ಲ, ಟಿಕೆಟ್ ನಂಬರಿನ ಹಾಗೆ. ಫ್ರಾನ್ಸಿನಲ್ಲಿ 'ಜೋನ್ ದ ಮೆಟ್ಜ್' ಎನ್ನಿಸಿಕೊಂಡಿದ್ದ ಗಿಡಕ್ಕೆ ಒಂಬತ್ತನೆಯ ಅಂಕಿ ಬಂತು. ಅದೇ ಇಂದಿನ ಎಂ9, ಜಗತ್ತಿನ ಗಿಡ್ಡ ಸೇಬು ತೋಟಗಳ ಕೆಳಗೆಲ್ಲ ಹರಡಿರುವ ಬೇರು. ಆಮೇಲೆ ಜಾನ್ ಇನ್ಸ್ ಸಂಸ್ಥೆಯ ಜೊತೆ ಸೇರಿ, ಬೇರಿಗೆ ಹತ್ತುವ ಉಣ್ಣೆ ಹೇನನ್ನು ತಡೆಯುವ 'ನಾರ್ದರ್ನ್ ಸ್ಪೈ' ತಳಿಯೊಡನೆ ಸಂಕರ ಮಾಡಿ ಎಂಎಂ106, ಎಂಎಂ111ನಂಥವನ್ನು ಹೊರತಂದರು. ಎಂಎಂ111 ನೀರಿನ ಕೊರತೆಯನ್ನು ತಾಳಿಕೊಳ್ಳುತ್ತದೆ. ಮಳೆಯನ್ನೇ ನಂಬಿದ ಬೆಟ್ಟದ ಇಳಿಜಾರಿಗೆ ಅದು ಹೊಂದುತ್ತದೆ.

ನನ್ನ ತಂಡದ ಹುಡುಗನೊಬ್ಬನ ಮನೆ ಶಿಮ್ಲಾ ಜಿಲ್ಲೆಯ ಕೋಟಖಾಯಿಯ ಮೇಲಿನ ಒಂದು ಹಳ್ಳಿ. ಅವನ ತಂದೆಗೆ ಸಣ್ಣದೊಂದು ಬೇರುಸಸಿ ನರ್ಸರಿ ಮಾಡುವ ಆಸೆ. ಖರ್ಚು, ಸಮಯ, ನಷ್ಟದ ಲೆಕ್ಕ ಹಾಕಿ ಕೊಡಿ ಎಂದು ಮಗ ನನ್ನನ್ನು ಕೇಳಿದ. ಲೆಕ್ಕ ಗುರುಗ್ರಾಮದಲ್ಲೇ ಕೂತು ಹಾಕಬಹುದಿತ್ತು, ಆದರೆ ಕೈಗೆ ಮಣ್ಣು ಹತ್ತದೆ ಹತ್ತು ವರ್ಷವಾಗಿತ್ತು. ಸತತ ಎರಡು ಜನವರಿ ಹೋಗಿ ಬಂದೆ.

ಕೆಲಸ ಕೇಳಲು ಸುಲಭ. ಎಲೆ ಉದುರಿ ಗಿಡ ಮಲಗಿರುವ ಚಳಿಗಾಲದಲ್ಲಿ, ಆ ವರ್ಷ ಬೆಳೆದ ಪೆನ್ಸಿಲ್ ಗಾತ್ರದ ಕೊಂಬೆಯನ್ನು ಬುಡದ ಸಮೇತ ಕತ್ತರಿಸಬೇಕು. ತುದಿಗಿಂತ ಬುಡದ ತುಂಡು ಚೆನ್ನಾಗಿ ಬೇರು ಬಿಡುತ್ತದೆ. ಕೆಳಗೆ ನೇರ ಕತ್ತರಿ, ಮೇಲೆ ಓರೆ ಕತ್ತರಿ, ತಲೆಕೆಳಗಾಗಿ ನೆಡದಿರಲು ಇದು ಗುರುತು. ಎರಡೂವರೆ ಗ್ರಾಂ ಐಬಿಎ ಪುಡಿಯನ್ನು ಆಲ್ಕೋಹಾಲಿನಲ್ಲಿ ಕರಗಿಸಿ, ಅಷ್ಟೇ ನೀರು ಬೆರೆಸಿ ಒಂದು ಲೀಟರ್ ಮಾಡಿ, ಅದರಲ್ಲಿ ಕಡ್ಡಿಯ ಬುಡವನ್ನು ಐದು ಸೆಕೆಂಡ್ ಅದ್ದಬೇಕು. ಆಮೇಲೆ ಕಡ್ಡಿಗಳನ್ನು ಮರಳು ಮತ್ತು ಕೋಕೋಪೀಟ್ ತುಂಬಿದ ಪೆಟ್ಟಿಗೆಯಲ್ಲಿ ಒತ್ತೊತ್ತಾಗಿ ನಿಲ್ಲಿಸಬೇಕು. ಸೇಬಿನ ಹಳೆಯ ಮರದ ಪೆಟ್ಟಿಗೆಗೆ ಒಳಗಿನಿಂದ ಥರ್ಮೋಕೋಲ್ ಹೊದಿಸಿ, ತಳದಲ್ಲಿ ಬಿಸಿಯಾಗುವ ವೈರು ಸುರುಳಿ ಇಟ್ಟು, ಥರ್ಮೋಸ್ಟಾಟನ್ನು 20 ಡಿಗ್ರಿಗೆ ಕಟ್ಟಿದೆವು. ಕೋಕೋಪೀಟ್ ಇಟ್ಟಿಗೆಯ ಮೇಲೆ ಪೊಳ್ಳಾಚಿಯ ವಿಳಾಸವಿತ್ತು. ಹಿಮ ಬೀಳುವ ಊರಲ್ಲಿ ಸೇಬಿಗೆ ಬೇರು ಬರಿಸಲು ತೆಂಗಿನ ನಾರಿನ ಪುಡಿ ಬಂದಿದೆ ಎಂದು ನಾನು ಒಳಗೊಳಗೇ ಹಿಗ್ಗಿದೆ. ಊರಿನವನೊಬ್ಬ ಪರಸ್ಥಳದಲ್ಲಿ ಎದುರಾದ ಹಾಗೆ.

ಇದರ ಕಿವಿಮಾತೆಲ್ಲ ಒಂದೇ: ಬುಡ ಬೆಚ್ಚಗಿರಬೇಕು, ತಲೆ ತಣ್ಣಗಿರಬೇಕು. ಈಸ್ಟ್ ಮಾಲಿಂಗ್‌ನವರು ಇದನ್ನು ವರ್ಷಗಟ್ಟಲೆ ಪರೀಕ್ಷಿಸಿ ಪದ್ಧತಿಯಾಗಿಸಿದರು. ಕಡ್ಡಿಯಲ್ಲಿರುವುದು ಹಿಂದಿನ ಬೇಸಿಗೆಯಲ್ಲಿ ಕೂಡಿಟ್ಟ ಗಂಟು ಮಾತ್ರ. ಮೇಲೂ ಬೆಚ್ಚಗಾದರೆ ಮೊಗ್ಗು ಒಡೆದು ಎಲೆ ಬರುತ್ತದೆ. ಎಲೆ ಬಂದರೆ ನೀರು ಬೇಕು, ನೀರು ತರುವ ಬೇರು ಇನ್ನೂ ಇಲ್ಲ. ಪಕ್ಕದ ಮನೆಯವರು ಕಡ್ಡಿಗಳನ್ನು ತಂದೂರ್ ಒಲೆ ಉರಿಯುವ ಕೋಣೆಯಲ್ಲಿ ಇಟ್ಟಿದ್ದರು. ಫೆಬ್ರವರಿಯಲ್ಲಿ ಅವರ ಕಡ್ಡಿಗಳೆಲ್ಲ ಹಸಿರಾಗಿ ನಕ್ಕವು, ನಮ್ಮವು ಒಣ ಸೌದೆಯಂತೆ ನಿಂತಿದ್ದವು. ಊರವರು ಅವರನ್ನು ಹೊಗಳಿದರು. ಮಾರ್ಚಿನಲ್ಲಿ ಅವರದೊಂದೂ ಉಳಿಯಲಿಲ್ಲ. ಹೊಸದಾಗಿ ಸೇರಿದ ಹುಡುಗರಿಂದ ಮೊದಲ ತಿಂಗಳಲ್ಲೇ ಡೆಲಿವರಿ ಕೇಳುವ ನಮ್ಮ ಉದ್ಯೋಗದವರಿಗೆ ಆ ಪೆಟ್ಟಿಗೆಯನ್ನು ತೋರಿಸಬೇಕು ಅನ್ನಿಸಿತು.

ನಮ್ಮ 120 ಕಡ್ಡಿಗಳಲ್ಲಿ 71ಕ್ಕೆ ಬೇರು ಬಂತು. ಮೊದಲು ಕತ್ತರಿಸಿದ ಅಂಚಿನಲ್ಲಿ ಗಾಯ ಮಾಗಿದಂತೆ ಬಿಳಿ ಗಂಟು. ಮೂರು ನಾಲ್ಕು ವಾರಕ್ಕೆ ಅಲ್ಲಲ್ಲಿ ಹಲ್ಲು ಮೂಡುವಂತೆ ಬೆಳ್ಳನೆಯ ಮೊಳೆ. ಒಂದನ್ನು ಅಂಗೈ ಮೇಲಿಟ್ಟು ನೋಡುತ್ತಿದ್ದಾಗ ತಲೆಗೆ ಹತ್ತಿದ ಪ್ರಶ್ನೆ ಇದು: ಈ ಗಿಡದ ವಯಸ್ಸೆಷ್ಟು? ಕಾಂಡಕ್ಕೆ ಒಂದು ವರ್ಷ. ತಳಿಗೆ ಎಪ್ಪತ್ತು ವರ್ಷ ದಾಟಿದೆ, ಅದು ಎಂ9 ಆಗಿದ್ದರೆ ನೂರು ಮೀರಿರುತ್ತಿತ್ತು. ಬೇರಿಗೆ ಮಾತ್ರ ಹತ್ತು ದಿನ.

ಬೇರು ಎಲ್ಲಕ್ಕಿಂತ ಕಿರಿಯದು! ನಾವು ವೇದಿಕೆಯ ಮೇಲೆ ಹೇಳುವುದು ಇದರ ತದ್ವಿರುದ್ಧ. ಬೇರು ಹಳೆಯದು, ಕೊಂಬೆ ಹೊಸದು, ಬೇರು ಊರಲ್ಲಿ, ಕೊಂಬೆ ಪರಸ್ಥಳದಲ್ಲಿ. ಕಡ್ಡಿಯಿಂದಾದ ಗಿಡದಲ್ಲಿ ಹಳೆಯದು ಹೊತ್ತು ತಂದ ಕಾಂಡ. ಬೇರು ಇಲ್ಲಿಗೆ ಬಂದ ಮೇಲೆ, ಇಲ್ಲಿನ ಮರಳಿನಲ್ಲಿ, ಗಾಯದ ಅಂಚಿನಿಂದ ಹುಟ್ಟಿದ್ದು. ಪುಣೆಯಲ್ಲಿದ್ದಾಗ ಮಗಳ ಮರಾಠಿ ವಿಜ್ಞಾನದ ಪುಸ್ತಕದಲ್ಲಿ ಇಂಥ ಬೇರಿಗೆ 'ಆಗಂತುಕ ಮುಳೆ' ಎಂದು ಇತ್ತು. ಬೀಜದಿಂದ ಮೊದಲು ಇಳಿಯುವ ಬೇರಿಗೆ ನಾವು ತಾಯಿಬೇರು ಎನ್ನುತ್ತೇವೆ. ಕಡ್ಡಿಯಿಂದ ಎದ್ದ ಗಿಡಕ್ಕೆ ತಾಯಿಬೇರು ಇಲ್ಲ, ಮುಂದೆಂದೂ ಬರುವುದೂ ಇಲ್ಲ. ಇರುವುದೆಲ್ಲ ಆಗಂತುಕರೇ. ಎಂ9 ಮೇಲಿನ ಮರವಂತೂ ಬದುಕಿರುವವರೆಗೆ ಕಂಬ ತಂತಿಯ ಆಸರೆಯಲ್ಲೇ ನಿಲ್ಲಬೇಕು. ಬೇರು ದುರ್ಬಲ, ಹಣ್ಣಿನ ಭಾರಕ್ಕೋ ಗಾಳಿಗೋ ಮರ ವಾಲುತ್ತದೆ. ಗುರುಗ್ರಾಮದ ನನ್ನ ಅಪಾರ್ಟ್‌ಮೆಂಟಿನ ಇಎಂಐ, ಮೇಂಟೆನೆನ್ಸ್, ಆರೋಗ್ಯ ವಿಮೆ ಎಲ್ಲ ಇಂಥ ಕಂಬಗಳೇ ಎಂದು ನಗೆಯಾಡಿದರೆ ಹೆಂಡತಿ ನಗಲಿಲ್ಲ.

ಹಾಗಾದರೆ ಹೊರಟ ಜಾಗದ್ದೇನೂ ಉಳಿದಿಲ್ಲವೇ? ಉಳಿದಿದೆ. ಹತ್ತೊಂಬತ್ತನೇ ಶತಮಾನದಲ್ಲಿ ವೋಖ್ಟಿಂಗ್ ಎಂಬ ಜರ್ಮನ್ ಸಸ್ಯವಿಜ್ಞಾನಿ ವಿಲೋ ಮರದ ಕಡ್ಡಿಗಳನ್ನು ತಲೆಕೆಳಗಾಗಿ ತೂಗುಹಾಕಿ ನೋಡಿದ. ಬೇರು ಬಂದದ್ದು ಕಡ್ಡಿಯ ಮೂಲ ಬುಡದ ಕಡೆಗೆ, ಅದೀಗ ಮೇಲಿದ್ದರೂ. ತುದಿಯಿಂದ ಬುಡದ ಕಡೆಗೆ ಇಳಿಯುವ ಆಕ್ಸಿನ್ ಎಂಬ ಹಾರ್ಮೋನು ಅಲ್ಲಿ ಶೇಖರವಾಗುತ್ತದೆ ಎನ್ನುವುದು ನಂತರ ತಿಳಿಯಿತು. ನಾವು ಅದ್ದುವ ಐಬಿಎ ಅದೇ ಬಳಗದ್ದು. ಕಡ್ಡಿಗೆ ಊರು ನೆನಪಿಲ್ಲ, ಯಾವುದು ಮೇಲೆ ಯಾವುದು ಕೆಳಗೆ ಎನ್ನುವುದು ನೆನಪಿದೆ. ಮೂವತ್ತು ವರ್ಷ ಚೆನ್ನೈನಲ್ಲಿದ್ದೂ ಊಟಕ್ಕೆ ಮೊದಲು ಎಲೆಯ ತುದಿಗೆ ಉಪ್ಪು ಬಡಿಸಿಕೊಳ್ಳುವವರನ್ನು ನೋಡಿದಾಗ ನನಗೆ ವಿಲೋ ಕಡ್ಡಿ ನೆನಪಾಗುತ್ತದೆ.

ಇನ್ನು ಋಣದ ಮಾತು. ಮಿಲಿಂದ ರಾಜನಿಗೂ ಭಿಕ್ಷು ನಾಗಸೇನನಿಗೂ ನಡೆದ ಸಂವಾದದಲ್ಲಿ ಒಂದು ಮಾವಿನ ಕಳ್ಳನ ದೃಷ್ಟಾಂತ ಬರುತ್ತದೆ. ಕಳ್ಳ ಸಿಕ್ಕಿಬಿದ್ದು ವಾದಿಸುತ್ತಾನೆ, ತೋಟದವನು ನೆಟ್ಟ ಮಾವು ಬೇರೆ, ನಾನು ಕದ್ದ ಮಾವು ಬೇರೆ, ನನಗೇಕೆ ಶಿಕ್ಷೆ ಎಂದು. ರಾಜ ಒಪ್ಪುವುದಿಲ್ಲ. ನೆಟ್ಟ ಹಣ್ಣು ಈ ಹಣ್ಣೇ ಅಲ್ಲದಿರಬಹುದು, ಆದರೆ ಅದರಿಂದಲೇ ಇದು ಬಂದದ್ದು. ಒಂದೇ ವಸ್ತುವಾಗಿ ಉಳಿಯದಿದ್ದರೂ ಒಂದರಿಂದ ಇನ್ನೊಂದು ಎಂಬ ಎಳೆ ಕಡಿಯದಿದ್ದರೆ ಹೊಣೆ ಕಡಿಯುವುದಿಲ್ಲ ಎನ್ನುವುದು ನಾಗಸೇನನ ವಾದದ ದಾರಿ. ನಾನು ಈಗ ಅರಸೀಕೆರೆಯ ಹುಡುಗನಲ್ಲ ಎಂದು ಹೇಳಿ ಜಾರಿಕೊಳ್ಳುವ ಬಾಗಿಲನ್ನು ಈ ಮಾವು ಮುಚ್ಚುತ್ತದೆ. ಬೇರು ಹೊಸದಾದರೇನು, ಕಡ್ಡಿ ಯಾವ ಗಿಡದ್ದು?

ಆದರೆ ಸೇಬಿನ ಚರಿತ್ರೆ ಋಣವನ್ನು ಯಾರಿಗೆ ತೀರಿಸಬೇಕು ಎಂಬಲ್ಲಿ ಗೊಂದಲ ಎಬ್ಬಿಸುತ್ತದೆ. ಅಮೆರಿಕದ ಅಯೋವಾದಲ್ಲಿ ಜೆಸ್ಸಿ ಹಯಾಟ್ ಎಂಬ ರೈತ ಸಾಲು ತಪ್ಪಿ ಹುಟ್ಟಿದ ಒಂದು ಸಸಿಯನ್ನು ಎರಡು ಸಲ ಕಡಿದು ಹಾಕಿದ. ಅದು ಮತ್ತೆ ಚಿಗುರಿತು, ಬದುಕುವ ಹಟವಿದ್ದರೆ ಬದುಕಲಿ ಎಂದು ಬಿಟ್ಟ. ಅದರ ಹಣ್ಣು 1890ರ ದಶಕದಲ್ಲಿ ಮಿಸ್ಸೂರಿಯ ಸ್ಟಾರ್ಕ್ ಸೋದರರ ನರ್ಸರಿಯವರ ಕೈಸೇರಿ ಡೆಲಿಷಿಯಸ್ ಆಯಿತು. ಫಿಲಡೆಲ್ಫಿಯಾದಿಂದ ಕುಷ್ಠರೋಗಿಗಳ ಸೇವೆಗೆಂದು ಬಂದು ಶಿಮ್ಲಾ ಬೆಟ್ಟಗಳಲ್ಲಿ ನೆಲೆಸಿದ ಸ್ಯಾಮ್ಯುಯೆಲ್ ಸ್ಟೋಕ್ಸ್, ಮುಂದೆ ಸತ್ಯಾನಂದ ಸ್ಟೋಕ್ಸ್ ಆದವರು, 1916ರಲ್ಲಿ ಅದರ ಸಸಿಗಳನ್ನು ಕೋಟಗಢಕ್ಕೆ ತಂದರು. ಇಂದು ಆ ಬೆಟ್ಟಗಳ ಮನೆ, ಮದುವೆ, ಮಕ್ಕಳ ಓದು, ನನ್ನ ತಂಡದ ಹುಡುಗನ ಇಂಜಿನಿಯರಿಂಗ್ ಸೀಟು ಕೂಡ ಕಳೆ ಎಂದು ಎರಡು ಸಲ ಕಡಿಸಿಕೊಂಡ ಒಂದು ಗಿಡದ ಬೆನ್ನ ಮೇಲೆ ನಿಂತಿದೆ. ಯಾರು ಯಾರಿಗೆ ಏನು ಕೊಡಬೇಕು?

ಇದೇ ನರ್ಸರಿಯವರು 1914ರಲ್ಲಿ ವೆಸ್ಟ್ ವರ್ಜೀನಿಯಾದಲ್ಲಿ ಗೋಲ್ಡನ್ ಡೆಲಿಷಿಯಸ್ಸಿನ ಮೂಲ ಮರವನ್ನು 5000 ಡಾಲರಿಗೆ ಕೊಂಡು, ಯಾರೂ ಕಡ್ಡಿ ಕದಿಯದಿರಲಿ ಎಂದು ಮರದ ಸುತ್ತ ಪಂಜರ ಕಟ್ಟಿಸಿದರು. ಹುಲಿಗೆ ಕಟ್ಟುವ ಹಾಗೆ! 1930ರಲ್ಲಿ ಅಮೆರಿಕ ಗಿಡಗಳಿಗೂ ಪೇಟೆಂಟ್ ಕೊಡುವ ಕಾನೂನು ಮಾಡಿದ ಮೇಲೆ ಪಂಜರದ ಅಗತ್ಯ ಉಳಿಯಲಿಲ್ಲ. ಪೇಟೆಂಟ್ ಇರುವ ಗಿಡವನ್ನು ಹಣ ಕೊಟ್ಟು ತಂದು ನಿಮ್ಮ ಹಿತ್ತಲಲ್ಲಿ ನೆಟ್ಟರೂ ಅದರ ಕಡ್ಡಿಯನ್ನು ನೀವು ನೆಡುವಂತಿಲ್ಲ. ನಮ್ಮ 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ಬೇರೆ ಹಾದಿ ಹಿಡಿದಿದೆ. ಅದರಲ್ಲಿ ಬೀಜ ಎಂದರೆ ಕಡ್ಡಿ, ಕಸಿ, ಗೆಡ್ಡೆ ಎಲ್ಲ ಸೇರಿದೆ. ತಳಿ ಮಾಡಿದವರಿಗೆ ಹಕ್ಕು ಕೊಡುತ್ತಲೇ ರೈತ ತನ್ನ ಬೀಜವನ್ನು ಉಳಿಸಿಕೊಳ್ಳಬಹುದು, ಹಂಚಬಹುದು, ಬ್ರಾಂಡ್ ಹಾಕದೆ ಮಾರಲೂಬಹುದು ಎನ್ನುತ್ತದೆ. ಕೋಟಖಾಯಿಯಲ್ಲಿ ಬಾಬೂಜಿಗೆ, ಹುಡುಗನ ತಂದೆಯನ್ನು ನಾನೂ ಹಾಗೇ ಕರೆಯುತ್ತೇನೆ, ಈ ಕಾಯಿದೆಯ ಹೆಸರೂ ಗೊತ್ತಿಲ್ಲ. ಬೇರು ಬಂದ 71ರಲ್ಲಿ 20ನ್ನು ಅವರು ಆ ವಾರವೇ ನೆರೆಯವರಿಗೆ ಕೊಟ್ಟುಬಿಟ್ಟರು, ಕಡ್ಡಿಗಳೆಲ್ಲ ಸತ್ತ ತಂದೂರ್ ಮನೆಯವರಿಗೂ ಸೇರಿಸಿ. ನನ್ನ ಸ್ಪ್ರೆಡ್‌ಶೀಟಿನಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ. ಕೇಳಿದರೆ, ನನಗೂ ಯಾರೋ ಕೊಟ್ಟಿದ್ದರಲ್ಲ ಎಂದರು.

ಈ ಉತ್ತರ ನನ್ನನ್ನು ಹಲವು ತಿಂಗಳು ಸಮಾಧಾನವಾಗಿಟ್ಟಿತು. ಋಣ ಹಿಂದಕ್ಕೆ ತೀರಿಸುವಂಥದ್ದಲ್ಲ, ಮುಂದಕ್ಕೆ ದಾಟಿಸುವಂಥದ್ದು. ಹಯಾಟನಿಗೆ ಕೊಡಲಾಗದ್ದನ್ನು ನೆರೆಯವನಿಗೆ ಕೊಡು. ನಮ್ಮ ಹಳಬರೂ ಹೀಗೇ ಹೇಳಿದ್ದಾರೆ. ಬ್ರಾಹ್ಮಣ ಹುಟ್ಟುವಾಗಲೇ ಮೂರು ಋಣ ಹೊತ್ತು ಬರುತ್ತಾನೆ, ಋಷಿಋಣ ಓದಿನಿಂದ, ದೇವಋಣ ಯಜ್ಞದಿಂದ, ಪಿತೃಋಣ ಸಂತಾನದಿಂದ ತೀರುತ್ತದೆ ಎನ್ನುತ್ತದೆ ತೈತ್ತಿರೀಯ ಸಂಹಿತೆ. ಹಿರಿಯರ ಸಾಲಕ್ಕೆ ಕಂತು ಕಟ್ಟುವುದು ಮಕ್ಕಳ ಹೆಸರಿನಲ್ಲಿ. ಮಗಳ ಕೋಚಿಂಗ್ ಫೀಸು ಕಟ್ಟುವಾಗಲೆಲ್ಲ ನಾನು ಅಪ್ಪನ ಸಾಲ ತೀರಿಸುತ್ತಿದ್ದೇನೆ ಎಂದುಕೊಳ್ಳಬಹುದು. ನನ್ನ ವಯಸ್ಸಿನ ಹೊರನಾಡಿಗರಲ್ಲಿ ಈ ಲೆಕ್ಕ ಚಾಲ್ತಿಯಲ್ಲಿದೆ. ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ.

ಈ ಲೆಕ್ಕದಲ್ಲಿ ಒಂದು ಅನುಕೂಲ ಅಡಗಿದೆ. ಹಯಾಟ್ ಸತ್ತು ಹೋಗಿದ್ದಾನೆ. ಪಿತೃಗಳು ಎಂದರೂ ಸತ್ತವರೇ. ಕೈಗೆ ಸಿಗದ ಸಾಲಗಾರನ ಸಾಲವನ್ನು ಬೇರೆಯವರಿಗೆ ತೀರಿಸುವುದು ಧರ್ಮ. ಸಾಲ ಕೊಟ್ಟವಳು ಊರಲ್ಲಿ ಬದುಕಿದ್ದು, ಪ್ರತಿ ಭಾನುವಾರ ಫೋನಿನಲ್ಲಿ ಸಿಗುತ್ತಿದ್ದರೆ, ಅದನ್ನು ಮುಂದಕ್ಕೆ ದಾಟಿಸುತ್ತೇನೆ ಎನ್ನುವುದಕ್ಕೆ ಬ್ಯಾಂಕಿನವರು ಬೇರೆ ಹೆಸರು ಇಡುತ್ತಾರೆ.

ಅಮ್ಮನಿಗೆ 74. ಅಪ್ಪ ಹೋಗಿ ನಾಲ್ಕು ವರ್ಷ. ಅಣ್ಣ ಬೆಂಗಳೂರಲ್ಲಿ, ಅಕ್ಕ ತುಮಕೂರಲ್ಲಿ, ನಾನು ಇಲ್ಲಿ. ಕಳೆದ ಮಳೆಗಾಲದಲ್ಲಿ ಹಿತ್ತಲಲ್ಲಿ ಜಾರಿ ಕೈಮೂಳೆ ಬಿರುಕು ಬಿಟ್ಟ ಮೇಲೆ, ಒಬ್ಬಳನ್ನೇ ಬಿಡುವಂತಿಲ್ಲ, ಯಾರಾದರೂ ಕರೆದೊಯ್ಯಲೇಬೇಕು ಎಂದು ಮೂವರೂ ಮಾತಾಡಿಕೊಂಡೆವು. ಅಮ್ಮ ಆ ಮಾತಿನಲ್ಲಿ ಇರಲಿಲ್ಲ. ವಾಟ್ಸ್ಯಾಪ್ ಗುಂಪಿನಲ್ಲಿ ಮೂವರೇ.

ನಾನು ಸೇಬಿನ ಕಡ್ಡಿಯ ಕಡೆ ಮತ್ತೆ ತಿರುಗಿದ್ದು ಆಗ. ಕಡ್ಡಿ ಕಡಿಯುವ ಗಿಡವನ್ನು ಕೋಟಖಾಯಿಯಲ್ಲೂ ತಾಯಿಗಿಡ ಎಂಬರ್ಥದಲ್ಲೇ ಕರೆಯುತ್ತಾರೆ. ತಾಯಿಗಿಡಗಳ ಸಾಲನ್ನು ಪ್ರತಿ ಚಳಿಗಾಲ ನೆಲಮಟ್ಟಕ್ಕೆ ಹತ್ತಿರ ಹತ್ತಿರ ಕಡಿಯಬೇಕು. ಕಡಿದಷ್ಟೂ ಮುಂದಿನ ಬೇಸಿಗೆಯಲ್ಲಿ ಎಳೆಯ ಸ್ವಭಾವದ ಚಿಗುರು ನೆಟ್ಟಗೆ ಏಳುತ್ತದೆ, ಆ ಚಿಗುರು ಬೇರು ಬಿಡುತ್ತದೆ. ಕಡಿಯದೆ ಬಿಟ್ಟರೆ ಗಿಡ ಪ್ರಾಯಕ್ಕೆ ಬಂದು ಹೂ ಬಿಡುತ್ತದೆ, ಕಾಯಿ ಹಿಡಿಯುತ್ತದೆ. ಆಮೇಲೆ ಅದರ ಕಡ್ಡಿ ಅಷ್ಟು ಸುಲಭವಾಗಿ ಬೇರು ಬಿಡುವುದಿಲ್ಲ. ಎಲ್ಲಿಟ್ಟರೂ ಬೇರೂರುವ ಶಕ್ತಿ ಬೇಕಾದರೆ ಹೂ ಬಿಡಲು ಅವಕಾಶ ಕೊಡಬಾರದು. ನಮ್ಮನ್ನು ಮೂವರನ್ನೂ ಓದಿಸಿ ಕಳಿಸಲು ಅಮ್ಮ ವರ್ಷ ವರ್ಷ ತನ್ನಲ್ಲಿ ಏನೇನು ಕಡಿದುಕೊಂಡಳು ಎಂದು ಪಟ್ಟಿ ಮಾಡಬಲ್ಲೆ. ಮಾಡುವುದಿಲ್ಲ, ಎಲ್ಲರ ಮನೆಯಲ್ಲೂ ಆ ಪಟ್ಟಿ ಇದೆ. ನನಗೆ ಕಾಡಿದ್ದು ಬೇರೆ. ಬಲಿತ ಮರಕ್ಕೆ ಬೇರು ಬಾರದು ಎಂದು ಗಿಡವೇ ಹೇಳುತ್ತಿದೆಯಲ್ಲ. ಮಕ್ಕಳಿಗೆ ಬಂತು, ನನಗೆ ತಡವಾಗಿ ಬಂತು, 74ಕ್ಕೆ ಬರುವುದಿಲ್ಲ. ಗುರುಗ್ರಾಮದ ಹದಿನಾಲ್ಕನೆಯ ಮಹಡಿಗೆ ಅವಳನ್ನು ತರುವುದು ತಂದೂರ್ ಕೋಣೆಗೆ ತಂದ ಹಾಗೆ. ಮೊದಲ ತಿಂಗಳು ಹಸಿರು, ಮೊಮ್ಮಗಳ ಜೊತೆ ನಗು, ಆಮೇಲೆ? ಹಾಗಾದರೆ ಊರಲ್ಲೇ ಬಿಡುವುದೇ ಸರಿ ಎಂದು ತೀರ್ಮಾನಿಸಬಹುದಿತ್ತು.

ತೀರ್ಮಾನಿಸಲು ಬಿಡದಿದ್ದದ್ದು ಅಮ್ಮನದೇ ತೋಟ. ತೆಂಗಿಗೆ ಕಡ್ಡಿ ಇಲ್ಲ, ಕಸಿ ಇಲ್ಲ. ಒಂದೇ ಸುಳಿ, ಸುಳಿ ಹೋದರೆ ಮರ ಹೋಯಿತು. ನೆಟ್ಟಲ್ಲೇ ನೂರು ವರ್ಷ ನಿಲ್ಲುವ ಜಾತಿ, ಬೇರೂರಿದ ಬದುಕಿಗೆ ನಾವು ಕೊಡುವ ಮೊದಲ ಹೋಲಿಕೆ. ಆದರೆ ತೆಂಗಿಗೂ ತಾಯಿಬೇರಿಲ್ಲ! ಬಾಳೆ, ಕಬ್ಬು, ಜೋಳದ ಹಾಗೆ ಅದಕ್ಕೂ ಬುಡದ ಗಡ್ಡೆಯಿಂದ ಹೊರಡುವ ತಂತುಬೇರುಗಳೇ. ಹಳೆಯವು ಸಾಯುತ್ತವೆ, ಹೊಸವು ಬದುಕಿರುವವರೆಗೆ ಹುಟ್ಟುತ್ತಲೇ ಇರುತ್ತವೆ. ದೊಡ್ಡ ಹೋಟೆಲುಗಳ ಮುಂದೆ, ಹೊಸ ಲೇಔಟುಗಳಲ್ಲಿ ಬೆಳೆದ ತಾಳೆ ತೆಂಗುಗಳನ್ನು ಕ್ರೇನಿನಲ್ಲಿ ತಂದು ನಿಲ್ಲಿಸುವುದು ಸಾಧ್ಯವಾಗಿರುವುದು ಇದರಿಂದಲೇ. ಎಳೆಯ ಸೇಬಿನ ಕೊಂಬೆ ಮಾತ್ರ ಬೇರು ಬಿಡುತ್ತದೆ ಎನ್ನುವುದು ನಿಜ. ಮುದಿ ತೆಂಗನ್ನು ಎತ್ತಿ ನೆಡಬಹುದು ಎನ್ನುವುದೂ ನಿಜ. ಅಮ್ಮ ಯಾವ ಗಿಡ?

ಇಷ್ಟರಲ್ಲಿ ನನ್ನ ಕೈಚಳಕ ನನಗೇ ಕಾಣತೊಡಗಿತ್ತು. ಅಮ್ಮ ಬರುವುದು ಕಷ್ಟ ಎನ್ನಿಸಿದ ದಿನ ಸೇಬು ಒದಗುತ್ತದೆ, ಕರೆತರಲೇಬೇಕು ಎನ್ನಿಸಿದ ದಿನ ತೆಂಗು ಒದಗುತ್ತದೆ. ಗಿಡ ನ್ಯಾಯ ಹೇಳುತ್ತಿಲ್ಲ, ನಾನು ಮೊದಲೇ ಬರೆದಿಟ್ಟ ತೀರ್ಪಿಗೆ ಸಾಕ್ಷಿ ಹೇಳುತ್ತಿದೆ. ವೇದಿಕೆಯ ಮೇಲಿನ ಬೇರೂ ಇಂಥದೇ ಸಾಕ್ಷಿ. ವಿಜಯಪುರದ ದ್ರಾಕ್ಷಿ ಬೆಳೆಗಾರರು ಟೆಕ್ಸಸ್ ಮೂಲದ ಡಾಗ್ರಿಜ್ ಕಡ್ಡಿ ನೆಟ್ಟು, ಅದರ ಮೇಲೆ ಥಾಮ್ಸನ್ ಸೀಡ್‌ಲೆಸ್ ಕಸಿ ಕಟ್ಟುತ್ತಾರೆ. ನಮ್ಮ ನಾಡಿನ ದ್ರಾಕ್ಷಿಯ ಬೇರು ಅಮೆರಿಕದ್ದು, ಬೇರನ್ನು ಮರೆಯಬೇಡಿ ಎಂದರೆ ಆ ಬಳ್ಳಿ ಯಾವುದನ್ನು ನೆನೆಯಬೇಕು? ಉಪಮೆಗೆ ನೋವಾಗುವುದಿಲ್ಲ, ತಾಯಿಗಿಡಕ್ಕೂ ಕತ್ತರಿ ತಾಗಿದ್ದು ನಮಗೆ ತಿಳಿಯುವ ಹಾಗೆ ತಿಳಿಯುವುದಿಲ್ಲ. ಮನುಷ್ಯರ ವಿಷಯದಲ್ಲಿ ಇರುವ ಸವಲತ್ತು ಒಂದೇ, ಕೇಳಿದರೆ ಬಾಯಿ ಬಿಟ್ಟು ಹೇಳುತ್ತಾರೆ. ಮೂವರು ಓದಿದ ಮಕ್ಕಳು ಆರು ತಿಂಗಳು ಚರ್ಚಿಸಿದ ಪ್ರಶ್ನೆಯನ್ನು ಅಮ್ಮನ ಮುಂದೆ ಯಾರೂ ಪ್ರಶ್ನೆಯಾಗಿ ಇಟ್ಟಿರಲಿಲ್ಲ. ಬಾ ಎಂದಿದ್ದೆವು, ಬರಲೇಬೇಕು ಎಂದಿದ್ದೆವು. ನಿನಗೇನು ಬೇಕು ಎಂದು ಕೇಳಿರಲಿಲ್ಲ. ಕೇಳಿದರೆ ಬರುವ ಉತ್ತರಕ್ಕೆ ನಾವು ಬಾಧ್ಯರಾಗುತ್ತೇವೆ ಎಂಬ ಅಳುಕು ಮೂವರಲ್ಲೂ ಇತ್ತೆಂದು ಕಾಣುತ್ತದೆ. ಅವಳು ಬರುತ್ತೇನೆ ಎಂದರೆ ನಮ್ಮ ದಿನಚರಿ ಮುರಿಯಬೇಕು, ಇಲ್ಲೇ ಇರುತ್ತೇನೆ ಎಂದರೆ ನಮ್ಮಲ್ಲಿ ಯಾರೋ ಒಬ್ಬರು ಆಗಾಗ ರಜೆ ಹಾಕಿ ಹೋಗಿ ಇರಬೇಕು. ಎರಡರಲ್ಲೂ ಬೆಲೆ ಇದೆ.

ಯುಗಾದಿಯ ಹಿಂದಿನ ಭಾನುವಾರ ಕೇಳಿದೆ. ಅಣ್ಣನನ್ನೂ ಅಕ್ಕನನ್ನೂ ಕಾಲ್‌ನಲ್ಲಿ ಸೇರಿಸಿಕೊಂಡೇ ಕೇಳಿದೆ. ನಿನಗೆ ಎಲ್ಲಿರಬೇಕು ಅನ್ನಿಸುತ್ತೆ ಅಮ್ಮ, ನೀನು ಹೇಳಿದ ಹಾಗೆ ಮಾಡ್ತೀವಿ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹಿಂದೆ ಕುಕ್ಕರಿನ ಸದ್ದು, ಯಾರೋ ಹಿತ್ತಲ ಬಾಗಿಲು ತೆಗೆದದ್ದು.

"ಬರಬಾರ್ದು ಅಂತೇನಿಲ್ಲ ಕಣೋ. ಅಟ್ಟದ್ ಮೇಲೆ ಕಾಯಿ ಐತಲ್ಲ, ಅದು ಕೊಬ್ರಿ ಆಗ್ಲಿ. ಅಟ್ಟ ಖಾಲಿ ಮಾಡಿ ಬರ್ತೀನಿ."

ಅಕ್ಕ ಖುಷಿಯಾಗಿ ಸರಿ ಸರಿ ಎಂದಳು. ಅಣ್ಣ ಏನೂ ಹೇಳಲಿಲ್ಲ. ನಮ್ಮ ಕಡೆ ಕಾಯಿ ಅಟ್ಟದ ಮೇಲೆ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಒಂದು ಮೂಲೆಯ ಕಾಯಿ ಒಣಗುವಷ್ಟರಲ್ಲಿ ಇನ್ನೊಂದು ಮೂಲೆಗೆ ಹೊಸದು ಏರಿರುತ್ತದೆ. ಆ ಅಟ್ಟ ಖಾಲಿಯಾದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಮೇ ತಿಂಗಳಿಗೆ ಮೂರು ವಾರ ಊರಿಂದಲೇ ಕೆಲಸ ಮಾಡಲು ಅನುಮತಿ ಕೇಳಿ ಮೇಲ್ ಹಾಕಿದ್ದೇನೆ. ಅಟ್ಟ ಹತ್ತಿ ಕಾಯಿ ತಿರುವಿ ಹಾ‌ಕುವವರು ಈ ವರ್ಷ ಸಿಕ್ಕಿಲ್ಲವಂತೆ.